ವಾಂಟೆಡ್ ಆಗಿ

ನಮ್ಮೂರಿನಲ್ಲಿ ಯಾರನ್ನೂ ಹೊಗಳುವುದಿಲ್ಲ. ಸಾರು ಎಷ್ಟೇ ರುಚಿಯಾಗಿದ್ದರೂ ‘ಪರವಾಗಿಲ್ಲ’ ಎನ್ನುತ್ತೇವೆ. ಹೆಣ್ಣು ನೋಡಲು ಬಂದವರ ಮುಂದೆ ತಾಯಿ, ‘ನಮ್ಮ ಹುಡುಗಿಗೆ ಏನೂ ಬರಲ್ಲ’ ಎಂದು ಹೆಮ್ಮೆಯಿಂದ ಹೇಳಿದರೆ, ಗಂಡಿನ ಕಡೆಯವರು ‘ನಮ್ಮವನಿಗೂ ಅಷ್ಟೇ’ ಎಂದು ಸಮಾಧಾನದ ಉಸಿರು ಬಿಡುತ್ತಾರೆ. ಬಸ್ ನಿಲ್ದಾಣದ ಎದುರಿನ ಬೋರ್ಡಿನಲ್ಲಿ ‘ಇಲ್ಲಿ ಸುಮಾರಾದ ಊಟ ದೊರೆಯುತ್ತದೆ’ ಎಂದು ಬರೆದಿದೆ. ನಮ್ಮ ಬೀದಿಯ ಟೈಲರ್ ಪ್ರತಿಯೊಂದು ರವಿಕೆಯಲ್ಲೂ ಒಂದು ಹೊಲಿಗೆಯನ್ನು ಸೊಟ್ಟಗೆ ಹಾಕುತ್ತಾನೆ. ಕೇಳಿದರೆ, ‘ವಾಂಟೆಡ್ ಆಗೇ ಹಾಕಿದ್ದು ಕಣಮ್ಮ, ನಂಗೂ ಹೆಂಡ್ತಿ ಮಕ್ಳು ಇಲ್ವಾ?’ ಎನ್ನುತ್ತಾನೆ.

ಊರಿನ ಪತ್ರಿಕೆಯ ಕೊನೆಯ ಪುಟದ ಕೆಳಭಾಗದಲ್ಲಿ ಒಂದು ಚೌಕವಿದೆ. ಅದರ ತಲೆಯ ಮೇಲೆ ‘ವಾಂಟೆಡ್’ ಎಂಬ ಪದವನ್ನು ಪ್ರೆಸ್ಸಿನವರು ಜೋಡಿಸುತ್ತಾರೆ, ಕೆಳಗಿನ ಜಾಗವನ್ನು ಖಾಲಿ ಬಿಡುತ್ತಾರೆ. ಬೆಳಗ್ಗೆ ಪತ್ರಿಕೆ ಅಚ್ಚಾಗಿ ಬಂದಾಗ ಕೆಲವು ದಿನ ಆ ಜಾಗ ಖಾಲಿಯಾಗಿಯೇ ಇರುತ್ತದೆ. ಕೆಲವು ದಿನ ಇರುವುದಿಲ್ಲ. ‘ವಾಂಟೆಡ್. ಕುರುಡು ಎತ್ತಿಗೆ ದಾರಿ ಕಲಿಸುವವರು’ ಎಂದೋ, ‘ವಾಂಟೆಡ್. ಬಾವಿಯ ನೀರನ್ನು ಮೂಸಿ ಆಳ ಹೇಳುವವರು’ ಎಂದೋ ಇರುತ್ತದೆ. ಅಂಥವರು ಊರಿನಲ್ಲಿ ಯಾರಾದರೂ ಇದ್ದರೆ ಆ ಮಧ್ಯಾಹ್ನ ಅವರ ಅಂಗಾಲು ಬೆಚ್ಚಗಾಗುತ್ತದೆ. ಎದ್ದು ಚಪ್ಪಲಿ ಮೆಟ್ಟಿ ಸುಂಕದ ಗೇಟಿನ ಕಡೆಗೆ ನಡೆಯುತ್ತಾರೆ. ಗೇಟಿನ ಆಚೆ ರಸ್ತೆ ಇಳಿಜಾರಾಗುವಲ್ಲಿ ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ ಮರೆಯಾಗುತ್ತದೆ. ಹೋದವರು ಯಾರೂ ತಿರುಗಿ ಬಂದಿಲ್ಲ. ತಮಟೆ ಬಾರಿಸುವ ಒಬ್ಬನನ್ನು ಮನೆಯವರು ಕಂಬಕ್ಕೆ ಕಟ್ಟಿದ್ದರು. ಅವನ ಕಾಲು ನಿಂತಲ್ಲೇ ನಡೆದು ನಡೆದು ಹಿಮ್ಮಡಿಯ ಚರ್ಮ ಕಿತ್ತುಬಂತು. ಅವನ ತಾಯಿಯೇ ಹಗ್ಗ ಬಿಚ್ಚಿದಳು. ಆಮೇಲೆ ಯಾರೂ ಯಾರನ್ನೂ ಕಟ್ಟಿಲ್ಲ. ಇಬ್ಬರು ಅಕ್ಕಸಾಲಿ ಅಣ್ಣತಮ್ಮಂದಿರು ಒಟ್ಟಿಗೆ ಹೊರಟಾಗ ಮಾತ್ರ, ಗೇಟಿನ ಹತ್ತಿರ ತಮ್ಮನ ಕಾಲು ತಾನಾಗಿಯೇ ತಣ್ಣಗಾಯಿತು. ಅಣ್ಣನ ಕೈಕೆಲಸ ಒಂದು ಕೂದಲಷ್ಟು ಮೇಲಾಗಿತ್ತಂತೆ. ತಮ್ಮ ಅಲ್ಲೇ ಮಣ್ಣಿನಲ್ಲಿ ಕೂತು ಅತ್ತ. ಆನಂದಕ್ಕೋ ದುಃಖಕ್ಕೋ ಅವನಿಗೂ ಗೊತ್ತಿರಲಿಲ್ಲ.

ನನ್ನ ಹೆಸರು ಸರಸಮ್ಮ. ಪತ್ರಿಕೆಯ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತೇನೆ. ಓದಿದ್ದು ಸಂಜೆ ಕಾಲೇಜಿನಲ್ಲಿ. ಹಗಲೆಲ್ಲ ಪ್ರೆಸ್ಸಿನಲ್ಲಿ ಕಾಗದ ಮಡಿಸಿ ಸಂಜೆ ನಿದ್ದೆಗಣ್ಣಿನಲ್ಲಿ ಪಾಠ ಕೇಳಿದವಳು. ನಾನು ತೂಕಡಿಸುತ್ತಿದ್ದ ಯಾವುದೋ ಹೊತ್ತಿನಲ್ಲಿ ಬಹಳ ಮುಖ್ಯವಾದ ಒಂದು ಪಾಠ ಆಗಿಹೋಗಿದೆ, ಹಗಲು ಓದಿದವರಿಗೆಲ್ಲ ಅದು ಗೊತ್ತಿದೆ, ನನಗೆ ಗೊತ್ತಿಲ್ಲ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಎಲ್ಲರ ಹಾಗೆ ನಾನೂ ಜಾಗ್ರತೆ ಮಾಡುತ್ತೇನೆ. ಪುಟಕ್ಕೊಂದು ತಪ್ಪನ್ನು ಬೇಕೆಂದೇ ಬಿಡುತ್ತೇನೆ. ಅದೇ ನನಗೆ ಕಷ್ಟದ ಕೆಲಸ. ಮನೆಗೆ ಬಂದು ಕೈಕಾಲು ತೊಳೆದ ಮೇಲೂ ಬಿಟ್ಟ ತಪ್ಪು ಕಣ್ಣಿಗೆ ಚುಚ್ಚುತ್ತಿರುತ್ತದೆ.

ನಾನೂ ನನ್ನಕ್ಕನೂ ಒಟ್ಟಿಗಿದ್ದೆವು. ಅಕ್ಕನ ಹೆಸರು ಸಾಕಮ್ಮ. ಮೇಲಿಂದ ಮೇಲೆ ಹೆಣ್ಣೇ ಹುಟ್ಟಿ, ಅವಳ ಹೊತ್ತಿಗೆ ನಮ್ಮಪ್ಪ ‘ಸಾಕು’ ಎಂದು ಆ ಹೆಸರಿಟ್ಟರು. ಸಾಕೆಂದ ಮೇಲೂ ಹುಟ್ಟಿದವಳು ನಾನು. ಅಕ್ಕನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮನೆಯಲ್ಲೇ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಅವಳ ಹಪ್ಪಳ ನಿಜವಾಗಿಯೂ ಸುಮಾರಾಗಿದ್ದವು. ಆದರೆ ಎಂಥ ರಚ್ಚೆ ಹಿಡಿದ ಕೂಸನ್ನಾದರೂ ಅವಳ ತೊಡೆಯ ಮೇಲೆ ಹಾಕಿದರೆ ಮಲಗಿಬಿಡುತ್ತಿತ್ತು. ಜೋಗುಳವಿಲ್ಲ, ತಟ್ಟುವುದಿಲ್ಲ. ಮಗು ಮಡಿಲಲ್ಲಿರುವಾಗಲೇ ಅಕ್ಕ ಲಟ್ಟಿಸುತ್ತ, ಉದ್ದಿನಬೇಳೆಯಲ್ಲಿ ಕಲ್ಲು ಬಂದದ್ದನ್ನೋ ಬೆಕ್ಕು ಹಾಲು ಕುಡಿದದ್ದನ್ನೋ ಹೇಳುತ್ತಿದ್ದಳು. ಮಾತು ಮುಗಿಯುವುದರೊಳಗೆ ಮಗುವಿನ ಮುಷ್ಟಿ ಸಡಿಲವಾಗಿರುತ್ತಿತ್ತು. ನಿದ್ದೆಗೆಟ್ಟ ತಾಯಂದಿರು ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಯಾರೂ ಒಂದು ಒಳ್ಳೆಯ ಮಾತನ್ನಾಡುತ್ತಿರಲಿಲ್ಲ. ‘ನಿಮ್ಮ ಕೈಲಿ ಇದೂ ಆಗಲ್ಲ ಬಿಡಿ ಸಾಕಕ್ಕ’ ಎಂದು ಹೇಳಿಯೇ ಮಗುವನ್ನು ಕೊಡುತ್ತಿದ್ದರು. ಅದು ನಮ್ಮೂರಿನ ಪ್ರೀತಿ.

ಮಾವಿನ ಕಾಯಿ ಬಿಡುವ ಹೊತ್ತಿಗೆ ಚೌಕದಲ್ಲಿ ‘ತೊಟ್ಟಿಲು ಮಾಡುವ ಬಡಗಿ’ ಎಂದು ಬಂತು. ನಿಂಗಾಚಾರಿ ಹೋದರು. ಆಮೇಲೆ ‘ಬಾಣಂತಿಗೆ ಎರೆಯುವವರು’ ಎಂದು ಬಂತು. ಕೆಳಗಿನ ಪೇಟೆಯ ಹೊನ್ನಮ್ಮಜ್ಜಿ ಬೆನ್ನು ಬಾಗಿಸಿಕೊಂಡು, ‘ಈ ವಯಸ್ಸಲ್ಲಿ ನಂಗೆ ಯಾವ ಬಾಣಂತಿ ಕಾಯ್ತವ್ಳಪ್ಪಾ’ ಎಂದು ಬೈದುಕೊಳ್ಳುತ್ತ ಹೋದಳು. ಅದಾದ ಮೇಲೆ ‘ಕೂಸಿಗೆ ಬಜೆ ತೇಯುವವರು’. ಅದನ್ನು ಓದಿದ ದಿನ ಹಿಂದಿನ ಎರಡೂ ಪತ್ರಿಕೆಗಳನ್ನು ತೆಗೆದು ಅದರ ಪಕ್ಕದಲ್ಲಿಟ್ಟೆ. ಎಲ್ಲಿಯೋ ಯಾರಿಗೋ ಮಗುವಾಗಿದೆ. ತೊಟ್ಟಿಲಾಯಿತು, ನೀರಾಯಿತು, ಬಜೆಯಾಯಿತು. ಇನ್ನು ಉಳಿದದ್ದೇನು?

ಅಕ್ಕನಿಗೆ ನಾನೇನೂ ಹೇಳಲಿಲ್ಲ. ಅವಳು ಪತ್ರಿಕೆ ಓದುತ್ತಿರಲಿಲ್ಲ, ಹಪ್ಪಳದ ಕೆಳಗೆ ಹಾಸುತ್ತಿದ್ದಳು. ಬೆಳಗ್ಗೆ ಅವಳು ಎದ್ದ ಕೂಡಲೇ ನೆಪ ಮಾಡಿ ಅವಳ ಪಾದ ಮುಟ್ಟಿ ನೋಡತೊಡಗಿದೆ.

‘ಇದೇನೇ ಇಷ್ಟು ಭಕ್ತಿ?’ ಎಂದಳು ಅಕ್ಕ. ‘ಸಾಯೋ ಹಾಗೆ ಕಾಣ್ತಿದೀನಾ?’

‘ಹಿಮ್ಮಡಿ ಒಡೆದಿದೆ ಅಕ್ಕ, ಎಣ್ಣೆ ಹಚ್ತೀನಿ.’

‘ಮೊದಲು ನಿನ್ನ ಮುಖಕ್ಕೆ ಹಚ್ಕೊ. ಒಣಗಿದ ಹಪ್ಪಳ ಆಗಿದೆ.’

ಹೇಗಾದರೂ ತಪ್ಪಿಸಬೇಕಿತ್ತು. ಒಮ್ಮೆ ಸಂಪಾದಕ ವರದಯ್ಯನವರು ಆ ಪದವನ್ನೇ ಪುಟದಿಂದ ತೆಗೆಸಿ ನೋಡಿದ್ದರು. ಕರೆ ನಿಲ್ಲಲಿಲ್ಲ. ಯಾರಿಗೆ ಕರೆ ಎಂಬುದು ಮಾತ್ರ ಗೊತ್ತಾಗದೆ, ಜನ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಹೋದರು. ಪದವಿದ್ದರೆ ಮಕ್ಕಳ ತಲೆ ಸವರುವುದಕ್ಕಾದರೂ ಹೊತ್ತು ಸಿಗುತ್ತದೆ ಎಂದು ಮರಳಿ ಹಾಕಿಸಿದರು. ಅಂದರೆ ಕರೆ ನಮ್ಮ ಕೈಯಲ್ಲಿಲ್ಲ, ಪದ ಮಾತ್ರ ನಮ್ಮ ಕೈಯಲ್ಲಿದೆ. ಹಾಗಾದರೆ ಇದೇ ಪದ ಹಿಂದೆ ಏನು ಮಾಡುತ್ತಿತ್ತು? ಪ್ರೆಸ್ಸಿನ ಅಟ್ಟದ ಮೇಲೆ ಹಳೆಯ ಪತ್ರಿಕೆಗಳ ಕಟ್ಟುಗಳಿದ್ದವು, ವಾರಪತ್ರಿಕೆ ಮಾಸಪತ್ರಿಕೆಗಳೂ ಇದ್ದವು. ವರದಯ್ಯನವರನ್ನು ಕೇಳಿದೆ.

‘ನೋಡಿ, ಬೇಡ ಅನ್ನಲ್ಲ. ಆದರೆ ತುಂಬ ಚೆನ್ನಾಗಿ ಹುಡುಕೋಕೆ ಹೋಗ್ಬೇಡಿ ಸರಸಮ್ಮ’ ಎಂದರು ಅವರು. ‘ಸುಮಾರಾಗಿ ಹುಡುಕಿ.’

ನನಗೆ ಸುಮಾರಾಗಿ ಹುಡುಕಲು ಬರುವುದಿಲ್ಲ. ಊಟದ ಬಿಡುವಿನಲ್ಲೆಲ್ಲ ಅಟ್ಟ ಹತ್ತಿದೆ. ಗೆದ್ದಲು ತಿಂದ ಅಂಚು, ಇಲಿ ಹಿಕ್ಕೆ, ಮುಟ್ಟಿದರೆ ಪುಡಿಯಾಗುವ ಕಾಗದ. ತೀರ ಹಳೆಯ ಪತ್ರಿಕೆಗಳಲ್ಲಿ ‘ವಾಂಟೆಡ್’ ಎಂಬ ಪದ ಹೊಸದಾಗಿ ಊರಿಗೆ ಬಂದ ನೆಂಟನ ಹಾಗೆ ಠೀವಿಯಿಂದ ಓಡಾಡುತ್ತಿತ್ತು. ‘ವಾಂಟೆಡ್. ಹಾರ್ಮೋನಿಯಂ ಬಲ್ಲ ಮೇಷ್ಟರು. ಮೇಲಿನ ಪೇಟೆ ಛತ್ರದಲ್ಲಿ ವಿಚಾರಿಸಿ.’ ‘ವಾಂಟೆಡ್. ಕೋಪ ಕಡಿಮೆ ಇರುವ ಅಡುಗೆಯವರು. ಹಳೆ ಕಚೇರಿ ಹಿಂದಿನ ಹೆಂಚಿನ ಮನೆ.’ ‘ವಾಂಟೆಡ್. ವಧು. ಹಾಡು ಬಂದರೆ ಒಳ್ಳೆಯದು, ಬಾರದಿದ್ದರೆ ಇನ್ನೂ ಒಳ್ಳೆಯದು.’ ಒಂದು ಮಾಸಪತ್ರಿಕೆಯ ನಗೆಹನಿಯಲ್ಲಿ ಮಗ, ‘ಅಪ್ಪಾ, ಈ ಪೇಪರಿನಲ್ಲಿ ಎಲ್ಲರಿಗೂ ಯಾರಾದರೊಬ್ಬರು ಬೇಕಂತೆ’ ಎನ್ನುತ್ತಾನೆ. ‘ನಿನ್ನನ್ನು ಬಿಟ್ಟು ಕಣೋ’ ಎನ್ನುತ್ತಾನೆ ಅಪ್ಪ. ಅದನ್ನು ಓದಿ ಅಟ್ಟದ ಮೇಲೆ ಒಬ್ಬಳೇ ನಕ್ಕೆ. ಬೇಡವಾಗಿ ಉಳಿಯುವುದು ಆ ಕಾಲದಲ್ಲಿ ನಗೆಪಾಟಲಿನ ಸಂಗತಿಯಾಗಿತ್ತು. ಮತ್ತೆ, ಪ್ರತಿಯೊಂದು ‘ವಾಂಟೆಡ್’ನ ಕೆಳಗೂ ಒಂದು ವಿಳಾಸವಿತ್ತು. ಬೇಕೆಂದವರು ಯಾರು ಎಂಬುದು ಗೊತ್ತಿತ್ತು. ಹೋಗಿ ನೋಡಿ, ಒಗ್ಗದಿದ್ದರೆ ಮನೆಗೆ ಬರಬಹುದಿತ್ತು.

ಆಮೇಲಿನ ಕಟ್ಟುಗಳಲ್ಲಿ ಅದೇ ಪದದ ಕೆಳಗೆ ಗಂಡಸರ ಫೋಟೊಗಳು ಬಂದವು, ಮುಖಗಳು ಮಸಿ ಬಳಿದ ಹಾಗೆ. ‘ವಾಂಟೆಡ್. ಕೆನ್ನೆಯ ಮೇಲೆ ಗಾಯದ ಗುರುತು.’ ಅಲ್ಲಿಂದ ಪದ ದನಿ ತಗ್ಗಿಸಿತು. ಜನ ಆ ಚೌಕ ನೋಡಿ ಬೇಗ ಪುಟ ಮಗುಚಲು ಕಲಿತಿರಬೇಕು. ಅದರ ನಂತರದ ಯಾವುದೋ ವರ್ಷದಿಂದ ವಿಳಾಸವಿಲ್ಲದ ನಮ್ಮ ಚೌಕ ಶುರುವಾಗಿತ್ತು. ಯಾಕೆ ಎಂದು ಯಾವ ಪತ್ರಿಕೆಯೂ ಬರೆದಿರಲಿಲ್ಲ.

ನನಗೆ ಬೇಕಾದದ್ದು ಸಿಕ್ಕಿದ್ದು ಒಂದು ವಾರಪತ್ರಿಕೆಯ ‘ಸೋದರಿಯ ಸಮಸ್ಯೆ’ ಎಂಬ ಅಂಕಣದಲ್ಲಿ. ಯಾರೋ ಒಬ್ಬಳು ಕೇಳಿದ್ದಳು: ‘ನಮ್ಮತ್ತೆ ವಾಂಟೆಡ್ ಆಗಿ ಸಾರಿಗೆ ಎರಡು ಸಲ ಉಪ್ಪು ಹಾಕಿ, ನಾನು ಹಾಕಿದೆನೆಂದು ಮನೆಯವರಿಗೆ ಹೇಳುತ್ತಾರೆ. ಏನು ಮಾಡಲಿ?’ ‘ಸೋದರಿ, ನಿಮ್ಮತ್ತೆಯವರಿಗೆ ಮರೆವು ಇರಬಹುದು’ ಎಂದು ಉತ್ತರ. ಹಾಗೆಯೇ ಹುಡುಕಿದಾಗ ಕೋರ್ಟಿನ ಸುದ್ದಿಯಲ್ಲೂ ಸಿಕ್ಕಿತು. ಆರೋಪಿ ವಾಂಟೆಡ್ ಆಗಿ ಸೈಕಲ್ ಗುದ್ದಿಸಿದನೆಂದು ಒಬ್ಬ ಸಾಕ್ಷಿ ಹೇಳಿದ್ದ. ಯಾವ ಇಂಗ್ಲಿಷ್ ಮೇಷ್ಟರೂ ಒಪ್ಪದ ಮಾತು ಅದು. ಆದರೆ ನಮ್ಮ ಜನಕ್ಕೆ ‘ಬೇಕು’ ಎನ್ನುವುದೂ ‘ಬೇಕಂತ ಮಾಡಿದ’ ಎನ್ನುವುದೂ ಒಂದೇ ಬೇರಿನವು. ಆ ಇಂಗ್ಲಿಷ್ ಪದಕ್ಕೂ ಅದೇ ಬೇರು ಕಸಿ ಮಾಡಿದ್ದರು. ‘ಆಗಿ’ ಎಂದು ಒಂದು ಸೇರಿಸಿದರೆ ಸಾಕು, ಕರೆಯುವ ಪದ ಕರೆಯುವುದನ್ನು ಬಿಟ್ಟು, ಮಾಡಿದವನ ಮನಸ್ಸನ್ನು ಕೇಳುತ್ತಿತ್ತು.

ನಾನು ಅಟ್ಟದ ಏಣಿಯ ಮೇಲೆಯೇ ಕೂತು ಯೋಚಿಸಿದೆ. ನಮ್ಮೂರಿನಲ್ಲಿ ಬೇಕೆಂದು ಮಾಡುವುದೆಲ್ಲ ಕೆಟ್ಟದ್ದೇ. ಸೊಟ್ಟ ಹೊಲಿಗೆ, ಉಪ್ಪಿಲ್ಲದ ಪಲ್ಯ, ನಾನು ಬಿಡುವ ತಪ್ಪು. ಒಳ್ಳೆಯದು ಯಾರಿಂದಲಾದರೂ ಆಗುತ್ತಿದ್ದರೆ ಅದು ಕೈಮೀರಿ ಆಗುವುದು. ಹಾಗಿರುವಾಗ ಚೌಕದ ತಲೆಯ ಮೇಲೆ ‘ವಾಂಟೆಡ್ ಆಗಿ’ ಎಂದು ಹಾಕಿದರೆ, ಕೆಳಗೆ ಯಾವ ವಿದ್ಯೆ ಬಂದರೂ ಅದನ್ನು ಬೇಕೆಂದು ಮಾಡುವವರು ಊರಿನಲ್ಲಿ ಒಬ್ಬರೂ ಸಿಗಲಾರರು.

ಸರಿಯೇ ಎಂದು ಸಂಜೆಯವರೆಗೂ ತಿರುತಿರುಗಿ ನೋಡಿದೆ. ತಪ್ಪು ಕಾಣಲಿಲ್ಲ. ತಪ್ಪು ಕಾಣದಿದ್ದರೆ ನನಗೆ ಹೆಚ್ಚು ಭಯವಾಗುತ್ತದೆ. ಮನೆಗೆ ಹೋಗಿ ಅಕ್ಕನನ್ನು ಕೇಳಿದೆ.

‘ಅಕ್ಕ, ನೀನು ಕೂಸುಗಳನ್ನ ಬೇಕಂತ ಮಲಗಿಸ್ತೀಯಾ?’

‘ನಾನೆಲ್ಲೇ ಮಲಗಿಸ್ತೀನಿ? ತಂದು ಹಾಕ್ತಾರೆ, ಅವು ಮಲಗ್ತವೆ. ನನ್ನ ಮಾತು ಕೇಳಿ ಬೇಜಾರಾಗಿ ಮಲಗ್ತವೋ ಏನೋ.’

‘ನಿಜವಾಗ್ಲೂ?’

‘ಇನ್ನೇನು, ಸುಳ್ಳಾಗ್ಲಾ? ಒಂದು ದಿನಾನೂ ಮಲಗ್ಲಿ ಅಂತ ಅಂದ್ಕೊಂಡಿಲ್ಲ. ಯಾಕೆ, ಪೇಪರ್‌ನೋರು ಹಪ್ಪಳದ ಬಗ್ಗೆ ಕೇಳೋದು ಬಿಟ್ಟು ಇದನ್ನ ಕೇಳ್ತಿದೀರಾ?’

ಮಾರನೆಯ ಸಂಜೆ ಪ್ರೂಫಿನ ಮೇಲೆ ‘ವಾಂಟೆಡ್’ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಆಗಿ’ ಎಂದು ಬರೆದೆ. ಅಚ್ಚಿನ ಮೊಳೆ ಜೋಡಿಸುವ ಯಲ್ಲಪ್ಪಣ್ಣ ಕನ್ನಡಕ ಹಣೆಗೇರಿಸಿ ನೋಡಿದ. ‘ಇದು ಬಿಟ್ಟ ತಪ್ಪೋ, ಹಾಕಿದ ತಪ್ಪೋ?’ ಎಂದ. ನಾನು ಎಲ್ಲವನ್ನೂ ಹೇಳಿದೆ. ಅವನಿಗೆ ಮೊಮ್ಮಗಳಿದ್ದಳು, ಚೆನ್ನಾಗಿ ರಂಗೋಲಿ ಹಾಕುವವಳು. ಹಾಗಾಗಿ ಬೇಡವೆನ್ನದೆ, ‘ಸಾರ್‌ಗೆ ಒಂದು ಮಾತು ಹೇಳ್ಬಿಡವ್ವ’ ಎಂದ. ವರದಯ್ಯನವರು ಪ್ರೂಫನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

‘ಏನೂ ಅನಾಹುತ ಆಗಲ್ಲ ಅಲ್ವೇ?’

‘ಗೊತ್ತಿಲ್ಲ ಸಾರ್.’

‘ನೀವು ನೋಡಿದೀರಲ್ಲ, ಸರಿ ಬಿಡಿ’ ಎಂದು ಸಹಿ ಹಾಕಿದರು. ಅವರು ಬೇಡವೆಂದಿದ್ದರೆ ನಾನು ನಿರಾಳವಾಗಿ ಮನೆಗೆ ಹೋಗುತ್ತಿದ್ದೆ.

ಬೆಳಗ್ಗೆ ಮಷಿನ್ನಿನಿಂದ ಮೊದಲ ಪ್ರತಿ ಬಂದಾಗ ಚೌಕ ತುಂಬಿತ್ತು. ‘ವಾಂಟೆಡ್ ಆಗಿ’ ಎಂಬುದು ಯಲ್ಲಪ್ಪಣ್ಣನ ದಪ್ಪ ಅಕ್ಷರ. ಅದರ ಕೆಳಗೆ, ಯಾರೂ ಜೋಡಿಸದ ಸಣ್ಣ ಅಕ್ಷರದಲ್ಲಿ: ‘ಅಳುವ ಕೂಸನ್ನು ಮಲಗಿಸುವವರು.’

ನಾನು ಓಡುತ್ತ ಮನೆಗೆ ಬಂದೆ. ಅಕ್ಕ ಜಗಲಿಯ ಮೇಲೆ ಹಪ್ಪಳ ಹರಡುತ್ತಿದ್ದಳು. ರಜೆ ಹಾಕಿದ್ದೇನೆಂದು ಹೇಳಿ ಅವಳ ಪಕ್ಕದಲ್ಲೇ ಕೂತೆ. ಬಿಸಿಲು ನೆತ್ತಿಗೆ ಬಂತು. ಅವಳ ಅಂಗಾಲು ಮುಟ್ಟಿದೆ, ತಣ್ಣಗಿತ್ತು. ಊಟವಾಯಿತು, ಮತ್ತೆ ಮುಟ್ಟಿದೆ, ತಣ್ಣಗೇ ಇತ್ತು. ಬಿಸಿಲು ವಾಲಿತು. ಅವಳು ಮಗ್ಗುಲಾಗಿ ಸಣ್ಣಗೆ ಗೊರಕೆ ಹೊಡೆಯತೊಡಗಿದಳು. ಆ ಗೊರಕೆ ಕೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಪದ ಒಪ್ಪಿಕೊಂಡಿತು, ಅಕ್ಕ ಉಳಿದಳು ಎಂದುಕೊಂಡೆ. ಸಂಜೆ ಕಾಲೇಜಿನಲ್ಲಿ ಓದಿದ್ದೂ ವ್ಯರ್ಥವಾಗಲಿಲ್ಲ ಎಂದುಕೊಂಡೆ. ನಮ್ಮೂರಿನಲ್ಲಿ ಯಾರೂ ತಮ್ಮನ್ನು ತಾವು ಅಷ್ಟು ಹೊಗಳಿಕೊಳ್ಳುವುದಿಲ್ಲ.

ಆಗ ಎದುರು ಮನೆಯ ರುಕ್ಕು ಮಗುವನ್ನೆತ್ತಿಕೊಂಡು ನಮ್ಮ ಜಗಲಿ ಹತ್ತಿದಳು. ಸೆರಗಿಗೆ ಹಿಟ್ಟು ಮೆತ್ತಿತ್ತು.

‘ಸರಸಕ್ಕ, ಇವನ್ನ ಸ್ವಲ್ಪ ಹಿಡ್ಕೊಳಿ’ ಎಂದಳು.

‘ಎಲ್ಲಿಗೆ ಹೊರಟೆ?’

‘ಗೊತ್ತಿಲ್ಲ ಸರಸಕ್ಕ. ಕಾಲು ಯಾಕೋ ಬಿಸಿ ಆಗ್ತಿದೆ.’

ಅವಳ ಮುಖ ನೋಡಲಾರದೆ ಬೀದಿಯ ಕಡೆ ನೋಡಿದೆ. ಪಕ್ಕದ ಮನೆಯ ಬಾಗಿಲು ತೆರೆಯಿತು. ಅದರಾಚೆಯ ಬಾಗಿಲೂ ತೆರೆಯಿತು. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದವಳು ಹಾಗೆಯೇ, ಅರ್ಧ ಜಡೆ ಹೆಣೆದವಳು ಹಾಗೆಯೇ, ಒದ್ದೆ ಬಟ್ಟೆ ಹೆಗಲ ಮೇಲೆ ಹಾಕಿಕೊಂಡವಳು ಹಾಗೆಯೇ ಹೊರಬಂದರು. ಹೆಂಡತಿ ಸತ್ತ ಮೇಲೆ ಮಗಳನ್ನು ಎದೆಯ ಮೇಲೆ ಹಾಕಿಕೊಂಡು ಮಲಗಿಸುವ ಲಾರಿಯ ಹುಚ್ಚಯ್ಯನೂ ಬಂದ. ಹೆಂಗಸರ ನಡುವೆ ಅವನೊಬ್ಬನೇ ಗಂಡಸು, ನಾಚಿಕೆಯಿಂದ ತಲೆ ತಗ್ಗಿಸಿ ನಡೆದ. ಚಪ್ಪಲಿಗಳ ಸದ್ದು ಮಾತ್ರ. ಮೊದಲು ನಮ್ಮ ಬೀದಿ, ಆಮೇಲೆ ಮೇಲಿನ ಪೇಟೆ, ಆಮೇಲೆ ಕೆಳಗಿನ ಪೇಟೆ. ಅವರ ಹಿಂದೆ ಮನೆಗಳೊಳಗೆ ಉಳಿದ ಕೂಸುಗಳು ಒಂದೊಂದಾಗಿ ಅಳತೊಡಗಿದವು.

ಆ ಅಳುವಿಗೆ ಅಕ್ಕ ಎಚ್ಚೆತ್ತಳು. ಬೀದಿ ನೋಡಿದಳು, ನನ್ನ ತೋಳಿನಲ್ಲಿ ಕಿರುಚುತ್ತಿದ್ದ ಮಗುವನ್ನು ನೋಡಿದಳು, ನನ್ನ ಮುಖ ನೋಡಿದಳು.

‘ಏನು ಮಾಡಿದೆ?’

ನಾನು ಹೇಳಿದೆ. ಅವಳು ಬೈಯಲಿಲ್ಲ.

‘ಬೇಕಂತ ಮಲಗಿಸ್ದೆ ಇರೋ ತಾಯಿ ಎಲ್ಲಾದ್ರೂ ಇದಾಳೇನೇ?’ ಎಂದಳು. ‘ಬೆಳಗಿಂದ ದುಡಿದು, ಇದೊಂದು ಮಲಗಿದ್ರೆ ಸಾಕಪ್ಪಾ ಅಂತ ತಟ್ಟಿ ತಟ್ಟಿ... ಮಕ್ಕಳಿಲ್ಲದ ನನಗೆ ಗೊತ್ತಾಗಿದ್ದು ನಿಂಗೆ ಗೊತ್ತಾಗ್ಲಿಲ್ವಾ?’

ನನಗೆ ಗೊತ್ತಾಗಿರಲಿಲ್ಲ. ತೂಕಡಿಸುವಾಗ ತಪ್ಪಿಹೋದ ಪಾಠ ಇದೇ ಇರಬೇಕು ಎಂದು ಅನ್ನಿಸಿತು.

ಅಕ್ಕ ರುಕ್ಕುವಿನ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಜಗಲಿ ಇಳಿದು ಬೀದಿಯ ನಡುವೆ ಕಾಲು ಚಾಚಿ ಕೂತಳು. ಅವಳು ಏನು ಮಾಡಲಿದ್ದಾಳೆಂದು ತಿಳಿದ ಕೂಡಲೇ ನಾನು ಅವಳ ಭುಜ ಹಿಡಿದೆ.

‘ಬೇಡ ಅಕ್ಕ. ನೀನು ಮಾಡಿದ್ರೆ ನಿನ್ನ ಕಾಲೇ...’

‘ಸುಮ್ನಿರೆ. ಮೊದಲೇ ನಂಗೆ ಹಾಡು ಬರಲ್ಲ.’

ಅವಳು ಹಾಡಿದಳು. ಒಡಕು ದನಿ, ತಾಳವಿಲ್ಲ. ‘ಉದ್ದಿನ ಹಪ್ಪಳ ಒಣಗಿತು ಕಂದಾ, ಕಾಗೆ ಬಂದರೆ ಓಡಿಸು ಕಂದಾ’ ಎಂದು ಆ ಕ್ಷಣಕ್ಕೆ ಬಾಯಿಗೆ ಬಂದದ್ದನ್ನೇ ಹಾಡಿದಳು. ಮಗುವಿನ ಬೆನ್ನು ತಟ್ಟಿದಳು. ಅವಳು ತಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಣೆಯ ನರ ಉಬ್ಬಿತ್ತು. ಮಲಗು ಎಂದು ಅವಳು ಮೈಯೆಲ್ಲ ಕೂಡಿಸಿ ಬಯಸುತ್ತಿದ್ದಳು. ರುಕ್ಕುವಿನ ಮಗು ಒಮ್ಮೆ ಬಿಕ್ಕಿ ಕಣ್ಣು ಮುಚ್ಚಿತು. ಪಕ್ಕದ ಮನೆಯ ಅಳು ನಿಂತಿತು. ಅದರಾಚೆಯ ಮನೆಯದೂ ನಿಂತಿತು. ದೀಪ ಆರಿಸುತ್ತ ಹೋದ ಹಾಗೆ, ಒಂದೊಂದೇ ಅಳು ಮನೆಯಿಂದ ಮನೆಗೆ ಆರುತ್ತ ಬೀದಿಯ ತುದಿ ಮುಟ್ಟಿತು, ಪೇಟೆ ದಾಟಿತು. ಊರು ಪೂರ್ತಿ ಸದ್ದಡಗಿದಾಗ ಸುಂಕದ ಗೇಟಿನ ಕಡೆಯಿಂದ ಹೆಂಗಸರ ದನಿ ಕೇಳಿಸಿತು. ಯಾರೋ ಅಳುತ್ತಿದ್ದರು, ಯಾರೋ ಜೋರಾಗಿ ಯಾರ ಹೆಸರನ್ನೋ ಕೂಗುತ್ತಿದ್ದರು. ಆ ಅಕ್ಕಸಾಲಿ ತಮ್ಮನ ಹಾಗೆ ಅವರ ಕಾಲೂ ತಣ್ಣಗಾಗಿತ್ತು.

ನಾನು ಅಕ್ಕನ ಪಾದ ಮುಟ್ಟಿದೆ. ಒಲೆಯ ಪಕ್ಕದಲ್ಲಿಟ್ಟ ಹಂಚಿನ ಹಾಗಿತ್ತು.

‘ಏಳ್ತೀನಿ, ಕೈ ಕೊಡು’ ಎಂದಳು. ಮಗುವನ್ನು ನನಗೆ ಕೊಟ್ಟು ಸೀರೆ ಕೊಡವಿಕೊಂಡಳು. ‘ಸಾಕು ಅಂತ ಹೆಸರಿಟ್ರು ನಮ್ಮಪ್ಪ. ಬೇಕು ಅಂದೋರು ಈ ಕರೆಯೋರೇ ಮೊದಲು ನೋಡು.’

ನನಗೆ ನಗು ಬರಲಿಲ್ಲ. ‘ನೀನು ಹೋಗ್ಬೇಡ’ ಎಂದೆ. ಹೋಗದಿರುವುದು ಅವಳ ಕೈಯಲ್ಲಿಲ್ಲವೆಂದು ಗೊತ್ತಿದ್ದೂ ಅದನ್ನೇ ಹೇಳುತ್ತ ಹಿಂದೆ ನಡೆದೆ.

‘ಅಲ್ಲೂ ಒಂದು ಕೂಸಿದೆ ಕಣೆ. ತೊಟ್ಟಿಲು ಮಾಡಿಸಿದಾರೆ, ಎರೆಯೋರನ್ನ ಕರೆಸಿದಾರೆ, ಬಜೆನೂ ತೇಯಿಸಿದಾರೆ. ಇಷ್ಟಾದ್ರೂ ಅದು ಮಲಗ್ತಾ ಇಲ್ಲ ಅಂತ ತಾನೇ ಅರ್ಥ?’

ಅವಳಿಗೆ ಎಲ್ಲ ಗೊತ್ತಿತ್ತು. ಹಪ್ಪಳದ ಕೆಳಗೆ ಹಾಸುವ ಮೊದಲು ಅವಳು ಪತ್ರಿಕೆ ಓದುತ್ತಿದ್ದಳೆಂದು ನನಗೆ ಆಗ ಹೊಳೆಯಿತು.

‘ಅಲ್ಲಿ ಏನಿದೆಯೋ ನಿಂಗೇನು ಗೊತ್ತು? ಕೂಸೇ ಅಂತ ಏನು?’

‘ಗೊತ್ತಿಲ್ಲ’ ಎಂದಳು. ‘ಭಯ ಆಗ್ತಿದೆ. ಗೇಟ್ ತನಕ ಕೈ ಹಿಡ್ಕೊ.’

ಎಡಗೈಯಲ್ಲಿ ಮಗುವನ್ನೂ ಬಲಗೈಯಲ್ಲಿ ಅವಳ ಕೈಯನ್ನೂ ಹಿಡಿದು ನಡೆದೆ. ಕೈ ಬೆವರಿತ್ತು, ಹಿಟ್ಟಿನ ಜಿಗುಟಿತ್ತು. ವಾಪಸಾಗುತ್ತಿದ್ದ ಹೆಂಗಸರು ನಮ್ಮೆದುರು ಬಂದು ರಸ್ತೆಯ ಎರಡೂ ಬದಿಗೆ ಸರಿದು ನಿಂತರು. ರುಕ್ಕು ನನ್ನ ತೋಳಿನಿಂದ ಮಗುವನ್ನು ಕಿತ್ತುಕೊಂಡಳು. ಅಕ್ಕನನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ಹೊಗಳಬಾರದು, ಹೊಗಳದ ಮಾತು ಅವಳಿಗೆ ಸಿಗಲಿಲ್ಲ. ಹುಚ್ಚಯ್ಯ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಗೇಟಿನ ಹತ್ತಿರ ಅಕ್ಕ ಕೈ ಬಿಡಿಸಿಕೊಂಡಳು. ಕರೆ ಬಂದವರು ದಾರದಲ್ಲಿ ಎಳೆದ ಹಾಗೆ ನೆಟ್ಟಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅವಳು ಹಾಗೆ ಹೋಗಲಿಲ್ಲ. ಸಗಣಿ ಕಂಡು ಪಕ್ಕಕ್ಕೆ ಸರಿದಳು, ಅಡ್ಡ ಬಂದ ನಾಯಿಗೆ ‘ಹಚಾ’ ಎಂದಳು, ಇಳಿಜಾರು ಶುರುವಾಗುವಲ್ಲಿ ಜಾರೀತೆಂದು ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದಳು. ಕಾಲು ಮರೆಯಾಯಿತು, ಸೊಂಟ ಮರೆಯಾಯಿತು, ತಲೆಯೂ ಮರೆಯಾಯಿತು.

ಆ ರಾತ್ರಿ ಊರಿನಲ್ಲಿ ಯಾವ ಮಗುವೂ ಏಳಲಿಲ್ಲ. ತಾಯಂದಿರು ಮಾತ್ರ ಅವುಗಳ ಮೂಗಿನ ಬಳಿ ಬೆರಳಿಟ್ಟು ನೋಡುತ್ತ ಕೂತಿದ್ದರಂತೆ. ಮಾರನೆಯ ದಿನ ಪ್ರೆಸ್ಸಿಗೆ ಹೋದಾಗ ವರದಯ್ಯನವರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ‘ಆಗಿ’ ಎಂಬುದನ್ನು ಯಲ್ಲಪ್ಪಣ್ಣ ನಾನು ಹೇಳುವ ಮೊದಲೇ ಕಳಚಿ ಡಬ್ಬಿಗೆ ಹಾಕಿದ್ದ. ಅವನ ಮೊಮ್ಮಗಳು ರಂಗೋಲಿ ಹಾಕುವುದನ್ನೇ ಬಿಟ್ಟಳಂತೆ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಯಾರೋ ಹಿತ್ತಲ ಬಾಗಿಲು ತಟ್ಟಿದರು. ತೆರೆದರೆ ಕೆಳಗಿನ ಪೇಟೆಯ ಹುಡುಗಿ, ಹೊಸ ಬಾಣಂತಿ. ಹೆಗಲ ಮೇಲೆ ಮಗು ಕೆಂಪಗಾಗಿ ಕಿರುಚುತ್ತಿತ್ತು. ಅಕ್ಕ ಇಲ್ಲವೆಂದು ಅವಳಿಗೂ ಗೊತ್ತಿತ್ತು, ಊರಿನ ತಾಯಂದಿರ ರೂಢಿಯಂತೆ ಕಾಲು ಇಲ್ಲಿಗೆ ತಂದಿತ್ತು. ಇಬ್ಬರೂ ಹೊಸ್ತಿಲ ಆಚೆಗೂ ಈಚೆಗೂ ನಿಂತೆವು.

‘ನಿಮಗೇನಾದ್ರೂ...’ ಎಂದಳು.

‘ನನಗೇನೂ ಬರಲ್ಲಮ್ಮ’ ಎಂದೆ.

ಆದರೂ ಅವಳ ಕಣ್ಣು ಗುಳಿಬಿದ್ದಿದ್ದನ್ನು ನೋಡಿ ಕೈ ಚಾಚಿದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ಶತಪಥ ಹಾಕತೊಡಗಿದೆ. ಅದು ನನ್ನ ಕಿವಿಯ ಹತ್ತಿರವೇ ಕೂಗುತ್ತಿತ್ತು. ಅದರ ತಾಯಿ ಗೋಡೆಗೊರಗಿ ಕೂತಲ್ಲೇ ಕಣ್ಣು ಮುಚ್ಚಿದಳು. ಒಮ್ಮೆಲೇ ಕೂಗು ನಿಂತಿತು. ಮಗುವಿನ ತಲೆ ನನ್ನ ಕುತ್ತಿಗೆಗೆ ಒರಗಿತು. ನಾನು ಹೆಜ್ಜೆ ಎತ್ತಿದವಳು ಹಾಗೆಯೇ ನಿಂತೆ. ಅಂಗಾಲಿನ ಕೆಳಗೆ ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ. ಅಳು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಳು ಕಂದಾ, ಅಳು.

ಅದು ಉಸಿರು ಎಳೆದುಕೊಳ್ಳುತ್ತಿತ್ತಷ್ಟೇ. ಪೂರ್ತಿ ಎಳೆದುಕೊಂಡು, ಸೂರು ಹಾರಿಹೋಗುವ ಹಾಗೆ ಕಿರುಚಿತು.